ಕೆಂಪರಾಜನ ತೂಕ

ನನ್ನ ತಮ್ಮ ಕೆಂಪರಾಜ ಊರು ಬಿಟ್ಟು ಹೋದದ್ದು ಲೋಹವಾಗಿ. ನಮ್ಮೂರಿನಿಂದ ಹೊರಗೆ ಹೋಗುವವರೆಲ್ಲ ಹಾಗೇ ಹೋಗಬೇಕು, ಅದರಲ್ಲಿ ಅವನದೇನೂ ಹೆಚ್ಚುಗಾರಿಕೆ ಇಲ್ಲ. ಒಂದು ಕಾಲಕ್ಕೆ ನಮ್ಮದೂ ಒಂದು ದೇಶವಾಗಿತ್ತು. ಸಣ್ಣ ದೇಶ. ಬೆಳಿಗ್ಗೆ ಹೊರಟವರು ಮಧ್ಯಾಹ್ನದ ಊಟದ ಹೊತ್ತಿಗೆ ಆಚೆ ಗಡಿ ಮುಟ್ಟುತ್ತಿದ್ದರು. ಆದರೂ ದೇಶ ದೇಶವೇ. ಲೋಕದವರೆಲ್ಲ ಅದನ್ನು ಎರಡಕ್ಷರದಲ್ಲಿ ಗುರುತಿಸುತ್ತಿದ್ದರು: ಝಡ್ ಕೆ. ಲಾರಿಗಳ ಬೆನ್ನ ಮೇಲೆ, ಅಂಚೆ ಚೀಲಗಳ ಮೇಲೆ, ಶಾಲೆಯ ಗಂಟೆಯ ಮೇಲೆ, ಎಲ್ಲೆಲ್ಲೂ ಝಡ್ ಕೆ. ನಮ್ಮ ಗಣಿಗುಡ್ಡದಲ್ಲಿ ಸಿಗುತ್ತಿದ್ದ ಬೂದು ಬಣ್ಣದ ಲೋಹಕ್ಕೂ ಪಂಡಿತರು ಅದೇ ಎರಡಕ್ಷರ ಇಟ್ಟಿದ್ದರು. ದೇಶದ್ದು ಲೋಹಕ್ಕೆ ಬಂತೋ, ಲೋಹದ್ದು ದೇಶಕ್ಕೆ ಬಂತೋ, ನಮಗದು ಬೇಕಿರಲಿಲ್ಲ. ಆಮೇಲೆ ಎಲ್ಲೋ ಕೂತ ದೊಡ್ಡವರು ನಮ್ಮ ದೇಶವನ್ನು ತೆಗೆದುಹಾಕಿದರು. ಯುದ್ಧವಿಲ್ಲ, ಗಲಾಟೆಯಿಲ್ಲ. ದೇಶಗಳ ಸಾಲಿನಿಂದ ಝಡ್ ಕೆ ಹೋಯಿತು, ಲೋಹಗಳ ಸಾಲಿನಲ್ಲಿ ಮಾತ್ರ ಉಳಿಯಿತು. ಅಂದಿನಿಂದ ಝಡ್ ಕೆ ಅಂತ ಹೇಳಿಕೊಂಡು ಗಡಿ ದಾಟಬಹುದಾದದ್ದು ಲೋಹ ಒಂದೇ. ಗಣಿ ಮುಚ್ಚಿ ನೀರು ತುಂಬಿಕೊಂಡಿತ್ತು, ಊರಲ್ಲಿ ಕೆಲಸವಿರಲಿಲ್ಲ. ಜನ ಲೋಹವಾದರು.

ಗಡಿಯ ಗೇಟಿನ ಪಕ್ಕದಲ್ಲೇ ತೂಕದ ಶೆಡ್ಡು. ಹೋಗುವವನು ಅಲ್ಲಿ ತಕ್ಕಡಿಯ ಹಲಗೆ ಹತ್ತಿ ನಿಲ್ಲುತ್ತಾನೆ. ತೂಕದ ಹೊನ್ನಯ್ಯ ತೂಗುತ್ತಾನೆ. ಗೇಟಿನ ಸಾಹೇಬರು ಬಂದು ಸಣ್ಣ ಸುತ್ತಿಗೆಯಿಂದ ಅವನ ಭುಜಕ್ಕೆ ಮೆಲ್ಲಗೆ ತಟ್ಟುತ್ತಾರೆ. ಲೋಹವಾದರೆ ಸದ್ದು ಬರಬೇಕಲ್ಲ. ಆ ಸದ್ದು ಮಾಡುವವಳು ನಾನು. ಪಕ್ಕದಲ್ಲಿ ನಿಂತು, ತುಟಿ ಅಲುಗದ ಹಾಗೆ, ಗಂಟಲಿನ ಆಳದಿಂದ ಠಣ್ ಅನ್ನುತ್ತೇನೆ. ಹೊಗಳಿಕೊಂಡೆ ಅನ್ನಬೇಡಿ, ನನ್ನ ಹಾಗೆ ಠಣ್ ಅನ್ನುವವರು ಊರಲ್ಲಿ ಇನ್ನೊಬ್ಬರಿಲ್ಲ. ಚೆನ್ನಾಜಕ್ಕನ ಸದ್ದು ಬಿದ್ದರೆ ಸಾಹೇಬರು ಕಣ್ಣು ಮುಚ್ಚಿಕೊಂಡು ಸೀಲು ಒತ್ತುತ್ತಾರೆ ಅಂತ ಜನ ಹೇಳುತ್ತಿದ್ದರು. ಸಾಹೇಬರಿಗೆ ತಿಳಿಯದೆ ಏನಿಲ್ಲ. ಮನುಷ್ಯನನ್ನು ಲೋಹ ಅಂತ ಒಪ್ಪಿಕೊಳ್ಳಲು ಅವರಿಗೆ ಏನೂ ತಕರಾರಿಲ್ಲ, ಹಲಗೆ ಹತ್ತಿದವನು ಮಾತಾಡಬಾರದು, ನಗಬಾರದು, ಅಳಬಾರದು, ಅಷ್ಟೆ. ಹೀಗೆ ಹೋದವರು ಆಚೆಯ ದೊಡ್ಡ ಪಟ್ಟಣದ ಲೋಹದ ಮಂಡಿಯಲ್ಲಿ ಸರಕಾಗಿ ಇಳಿಯುತ್ತಾರೆ. ಅಲ್ಲೇ ಮೂಟೆ ಹೊರುತ್ತಾರೆ, ಕುಲುಮೆ ನೋಡಿಕೊಳ್ಳುತ್ತಾರೆ, ಗೋದಾಮಿನಲ್ಲಿ ಮಲಗುತ್ತಾರೆ.

ವರ್ಷಗಳು ಕಳೆದ ಹಾಗೆ ನಮ್ಮ ಮಾತೇ ಹಾಗಾಗಿಹೋಯಿತು. ಮಗ ಹೇಗಿದ್ದಾನೆ ಅಂತ ಯಾರೂ ಕೇಳುವುದಿಲ್ಲ, "ತುಕ್ಕು ಹಿಡಿದಿಲ್ಲ ತಾನೆ?" ಅನ್ನುತ್ತಾರೆ. ಹೊರಡುವವರ ತಲೆ ಮೇಲೆ ಕೈಯಿಟ್ಟು, ತೂಕ ಕಾಪಾಡಿಕೋ ಅಂತ ಹರಸುತ್ತಾರೆ. ಈ ಹರಕೆಗೆ ಅರ್ಥವಿದೆ. ಎಷ್ಟು ತೂಕದ ಸರಕು ಹೋಗಿತ್ತೋ ಅಷ್ಟೇ ತೂಕದ್ದು ವಾಪಸು ಬರಬೇಕು. ಕಮ್ಮಿಯಾದರೆ ಗೇಟು ತೆರೆಯುವುದಿಲ್ಲ. ಹೆಚ್ಚಾದರೆ ಒಂದೆರಡು ಹೊತ್ತು ಉಪವಾಸ ಕೂರಿಸಿ ಸರಿಮಾಡುತ್ತಾರೆ. ಇನ್ನೊಂದು ಮಾತು, ಪ್ರತಿಯೊಬ್ಬರ ಸೊಂಟದಲ್ಲೂ ಮಾದರಿಗೆ ಅಂತ ನಿಜವಾದ ಲೋಹದ್ದೊಂದು ಗಟ್ಟಿ ಇರಬೇಕು. ರಾಗಿಮುದ್ದೆಯಷ್ಟು ಗಾತ್ರ, ಎತ್ತಿದರೆ ಎಳೆಮಗುವಿನಷ್ಟು ಭಾರ, ಮೇಲೆ ಝಡ್ ಕೆ ಅಂತ ಮುದ್ರೆ. ಗಣಿ ಮುಚ್ಚುವಾಗ ಉಳಿದಿದ್ದ ಗಟ್ಟಿಗಳನ್ನು ಮನೆಮನೆಗೆ ಹಂಚಿದ್ದರು, ಈಗ ಬೇಕೆಂದರೂ ಹೊಸದು ಸಿಗುವುದಿಲ್ಲ. ಗಟ್ಟಿ ಇಲ್ಲದವನು ಬರೀ ಮನುಷ್ಯ. ಬರೀ ಮನುಷ್ಯನನ್ನು ಗೇಟಿನವರು ಒಳಗೂ ಬಿಡುವುದಿಲ್ಲ, ಹೊರಗೂ ಬಿಡುವುದಿಲ್ಲ.

ಕೆಂಪರಾಜ ಹೋದಾಗ ಕಟ್ಟುಮಸ್ತಾದ ಆಳು. ಹಲಗೆ ಹತ್ತುವ ಮೊದಲು ನಾನು ರೇಗಿಸಿದ್ದೆ.

"ಈ ಪಾಟಿ ತಿಂದು ಹೊರಟಿದ್ದೀಯಲ್ಲೋ, ವಾಪಸು ಬರೋವಾಗ ಇಷ್ಟೇ ತೂಕ ಎಲ್ಲಿಂದ ತರ್ತೀಯ?"

"ನೀನು ಮಾಡಿಟ್ಟಿರೋ ಚಕ್ಕುಲಿ ಎಲ್ಲಾ ಕೂಡಿ ತೂಕ ಕಣಕ್ಕ. ಅಲ್ಲೂ ಯಾರಾದ್ರೂ ಮಾಡಿಕೊಡ್ತಾರೆ ಬಿಡು," ಅಂದ.

ಅಪ್ಪ ಅಮ್ಮ ಹೋದ ಮೇಲೆ ನಾನೇ ಅವನನ್ನು ಬೆಳೆಸಿದ್ದು. ಮದುವೆ ಅಂತ ನನಗೊಂದು ಆಗಿತ್ತು, ಗಂಡ ಬೇಗ ತೀರಿಕೊಂಡ, ಅದನ್ನು ಇಲ್ಲಿ ಹೇಳುವುದಿಲ್ಲ. ನನಗೆ ಅಂತ ಇದ್ದವನು ಇವನೊಬ್ಬ. ಅವನಿಗೂ ಠಣ್ ಅಂದೆ, ಲಾರಿ ಹತ್ತಿಸಿದೆ.

ಮಂಡಿಯಲ್ಲಿ ಅವನ ಜೊತೆಗೆ ಇದ್ದವನು ನಮ್ಮೂರಿನ ದಸ್ತಗೀರ, ಪಕ್ಕದ ಬೀದಿಯ ಮಹಬೂಬಿಯ ಮಗ. ತಿಂಗಳಿಗೊಂದು ಸಲ ಶೆಡ್ಡಿನ ಫೋನಿಗೆ ಇಬ್ಬರೂ ಮಾತಾಡುತ್ತಿದ್ದರು. ಮೊದಮೊದಲು ಕೆಂಪರಾಜನೇ ಬಡಬಡಿಸುತ್ತಿದ್ದ. ಆಮೇಲೆ ಮಾತಿನ ನಡುವೆ ಕೆಮ್ಮು ಬರತೊಡಗಿತು. ಆಮೇಲೆ ಕೆಮ್ಮಿನ ನಡುವೆ ಮಾತು. ಕೊನೆಕೊನೆಗೆ ದಸ್ತಗೀರನೊಬ್ಬನೇ ಫೋನಿಗೆ ಬರುತ್ತಿದ್ದ.

"ಕುಲುಮೆ ಧೂಳು ಎದೆಗೆ ಇಳಿದಿದೆ ಚೆನ್ನಾಜಕ್ಕ. ಊಟ ಸೇರಲ್ಲ. ಅಂಗಿ ಒಳಗೆ ಮನುಷ್ಯ ಎಲ್ಲವ್ನೆ ಅಂತ ಹುಡುಕಬೇಕು, ಹಂಗಾಗಿದ್ದಾನೆ."

"ಡಾಕ್ಟರಿಗೆ ತೋರಿಸಿದ್ರೇನಪ್ಪ?"

"ಲೋಹಕ್ಕೆ ಯಾವ ಡಾಕ್ಟರಕ್ಕ?"

"ಹಂಗಾದ್ರೆ ಕಳಿಸಿಬಿಡೋ ಇಲ್ಲಿಗೆ. ನಾನು ನೋಡ್ಕೋತೀನಿ."

ಆ ಕಡೆ ಅವನು ಮಾತು ಬದಲಾಯಿಸಿದ. ಯಾಕೆ ಅಂತ ನನಗೆ ಆಗಲೇ ಗೊತ್ತಾಯಿತು. ಹೋದಾಗಿನ ತೂಕದಲ್ಲಿ ಕಾಲುಭಾಗ ಕರಗಿಹೋಗಿತ್ತು. ಅಂಥವನನ್ನು ಗೇಟಿನಲ್ಲಿ ಯಾರು ಬಿಟ್ಟುಕೊಳ್ಳುತ್ತಾರೆ? ಹಾಲು ಕುಡಿಸಿ, ಮೊಟ್ಟೆ ಕೊಡಿ, ಬಾಳೆಹಣ್ಣು ಕೊಡಿ ಅಂತ ಫೋನಿನಲ್ಲೇ ಬಾಯಿ ಬಡಿದುಕೊಂಡೆ. ಕೊಟ್ಟರಂತೆ. ಒಂದೂ ನಿಲ್ಲಲಿಲ್ಲ. ಮಾಗಿಯ ಚಳಿ ಮುಗಿಯುವ ಮೊದಲೇ ಅವನು ಸತ್ತ.

ಸತ್ತ ಸುದ್ದಿ ಹೇಳಿ ದಸ್ತಗೀರ ಅಳುತ್ತಿದ್ದ. ನನಗೆ ಅಳು ಬರಲಿಲ್ಲ, ಬೇರೊಂದು ಭಯ ಹಿಡಿಯಿತು. ಮಂಡಿಯಲ್ಲಿ ಸತ್ತವರನ್ನು ಏನು ಮಾಡುತ್ತಾರೆ ಅಂತ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೆಲಸಕ್ಕೆ ಬಾರದ ಲೋಹ ಗುಜರಿಗೆ ಹೋಗುತ್ತದೆ. ಮಂಡಿಯ ಹಿಂದೆ ಗುಜರಿ ಗುಡ್ಡೆ ಇದೆ, ಮುರಿದ ಇಂಜಿನ್ನು, ತುಕ್ಕು ಹಿಡಿದ ತಗಡು, ಹಳೇ ಹಂಡೆ, ಅವುಗಳ ಮಧ್ಯೆ ನಮ್ಮವರು. ನಾನು ಎತ್ತಿ ಆಡಿಸಿದ ಮಗುವನ್ನು ಅಲ್ಲಿ ಬಿಸಾಕುವುದೆಂದರೆ ನನ್ನ ಕೈಲಿ ತಡೆದುಕೊಳ್ಳಲಾಗುತ್ತಿರಲಿಲ್ಲ.

"ದಸ್ತಗೀರ, ಕಾಲಿಗೆ ಬೀಳ್ತೀನಿ. ಅವನನ್ನ ಗುಜರಿಗೆ ಹಾಕಬೇಡಿ. ಹೆಂಗಾದ್ರೂ ಇಲ್ಲಿಗೆ ಕಳಿಸು. ಮಣ್ಣು ನಾನು ಮಾಡ್ತೀನಿ."

"ತೂಕ ಬರಬೇಕಲ್ಲಕ್ಕ..."

"ಮರಳು ತುಂಬಿ."

"ಕಲ್ಲು ಮರಳು ಇಟ್ರೆ ಸಾಹೇಬರು ಸುತ್ತಿಗೇಲಿ ತಟ್ಟಿ ಕಂಡುಹಿಡೀತಾರೆ. ಹೋದ ವರ್ಷ ಒಬ್ಬರಿಗೆ ಮಂಜುಗಡ್ಡೆ ಇಟ್ಟು ಕಳಿಸಿದ್ರು, ಗೇಟು ತಲುಪೋ ಹೊತ್ತಿಗೆ ಅರ್ಧ ಸೋರಿಹೋಗಿತ್ತು. ವಾಪಸು ಕಳಿಸಿದ್ರು." ಮೂಗು ಒರೆಸಿಕೊಂಡ ಸದ್ದು ಬಂತು. "ನೀನು ಅಳಬೇಡ. ನಾವು ಇಲ್ಲಿ ಇಷ್ಟು ಜನ ಇದ್ದೀವಿ. ಏನಾದ್ರೂ ಮಾಡ್ತೀವಿ."

ಏನು ಮಾಡುತ್ತೀರಿ ಅಂತ ಕೇಳುವಷ್ಟರಲ್ಲಿ ಫೋನು ಕಟ್ಟಾಯಿತು. ಮರುದಿನ ಸಂಜೆಗೆ ಲಾರಿ ಬಂತು.

ಗೋಣಿತಾಟಿನಲ್ಲಿ ಸುತ್ತಿ, ಹಗ್ಗ ಬಿಗಿದು ಕಳಿಸಿದ್ದರು. ನಾಲ್ಕು ಜನ ಹಿಡಿದು ಹಲಗೆ ಮೇಲೆ ಮಲಗಿಸಿದರು. ಹೊನ್ನಯ್ಯ ತಕ್ಕಡಿ ನೋಡಿದ, ನನ್ನನ್ನು ನೋಡಿದ, ಇನ್ನೊಂದು ಸಲ ತಕ್ಕಡಿ ನೋಡಿದ.

"ಸರಿಯಾಗಿದೆ," ಅಂದ. ಅವನ ದನಿಯಲ್ಲಿ ಸಂತೋಷವಿರಲಿಲ್ಲ, ಆಶ್ಚರ್ಯವಿತ್ತು.

ಸಾಹೇಬರು ಗೋಣಿಯ ಮೇಲೆ ಸುತ್ತಿಗೆ ತಟ್ಟಿದರು. ನನ್ನ ಬಾಯಿಂದ ಸದ್ದು ಬರಲಿಲ್ಲ. ಸಾಹೇಬರು ಇನ್ನೊಮ್ಮೆ ತಟ್ಟಿ, ಗಡಿಯಾಚೆ ಏನೋ ನೋಡುವವರ ಹಾಗೆ ಮುಖ ತಿರುಗಿಸಿಕೊಂಡು ಕಾದರು. ಮೂರನೆಯ ಸಲಕ್ಕೆ ಹೇಗೋ ಠಣ್ ಅಂದೆ. ಅದು ಲೋಹದ ಸದ್ದಾಗಿರಲಿಲ್ಲ, ನನಗೇ ಗೊತ್ತು. ಸಾಹೇಬರು ಸೀಲು ಒತ್ತಿದರು. ಆ ಮನುಷ್ಯನಿಗೆ ಒಳ್ಳೆಯದಾಗಲಿ.

ಮನೆಗೆ ತಂದು ಸ್ನಾನ ಮಾಡಿಸಲು ಗೋಣಿ ಬಿಚ್ಚಿದೆವು. ನನ್ನ ಕೆಂಪರಾಜ ಅಷ್ಟಗಲ ಇದ್ದವನು ಹಾಸಿಗೆಗೆ ಅಂಟಿದ ಹಾಗಿದ್ದ. ಅವನ ಸೊಂಟಕ್ಕೆ, ತೊಡೆಗೆ, ಬೆನ್ನಿಗೆ ಹರಕು ಪಂಚೆಗಳಿಂದ ಏನೋ ಬಿಗಿದು ಕಟ್ಟಿದ್ದರು. ಒಂದೊಂದೇ ಬಿಚ್ಚಿದೆ. ಗಟ್ಟಿಗಳು. ಅವನದೊಂದು, ಅದರ ಜೊತೆ ಇನ್ನೂ ಆರು. ಯಾವುದು ಯಾರ ಮನೆಯದು ಅಂತ ತಿಳಿಯಲು ನಮ್ಮೂರಲ್ಲಿ ಗಟ್ಟಿಗೆ ಬಣ್ಣದ ದಾರ ಸುತ್ತುತ್ತಾರೆ. ಮಹಬೂಬಿ ನನ್ನ ಪಕ್ಕದಲ್ಲೇ ಬಿಸಿನೀರಿನ ಚೊಂಬು ಹಿಡಿದು ಕೂತಿದ್ದಳು. ಹಸಿರು ದಾರದ ಗಟ್ಟಿ ನೋಡಿ ಚೊಂಬು ಕೆಳಗಿಟ್ಟಳು.

"ಇದು ನಮ್ಮ ದಸ್ತಗೀರಂದು," ಅಂದಳು.

"ಹೌದು ಕಣೇ."

"ಅಂದ್ರೆ ಇನ್ನು ಅವನು ಬರಲ್ಲ."

ಅವಳು ಸೆರಗಿನಿಂದ ಗಟ್ಟಿಯನ್ನು ಒರೆಸಿ, ತೊಡೆ ಮೇಲೆ ಇಟ್ಟುಕೊಂಡಳು. ಆಮೇಲೆ ಎದ್ದು ಮತ್ತೆ ನೀರು ಹೊಯ್ದಳು. "ಪಾಪ, ನೀರು ಆರ್ತಾ ಇದೆ, ಬೇಗ ಬೇಗ ತೊಳಿ," ಅಂದಳು.

ಗಣಿಗುಡ್ಡದ ತಪ್ಪಲಿನಲ್ಲಿ ಅಪ್ಪ ಅಮ್ಮನ ಹತ್ತಿರ ಅವನನ್ನು ಮಣ್ಣು ಮಾಡಿದೆವು, ಪಕ್ಕದಲ್ಲಿ ನನಗೂ ಒಂದು ಜಾಗ ಬಿಟ್ಟರು. ನಾನು ಬೇಡಿಕೊಂಡದ್ದು ಅದೇ ತಾನೆ, ಆಯಿತು. ಆದರೆ ಆ ದಿನದಿಂದ ಊರಿನಲ್ಲಿ ತಲೆಯೆತ್ತಿ ನಡೆಯಲು ಆಗಲಿಲ್ಲ. ಆರು ಮನೆಯವರೂ ಬಂದು ತಮ್ಮ ತಮ್ಮ ದಾರ ಗುರುತಿಸಿದರು. ಹೆತ್ತವರು ಬೈದಿದ್ದರೆ, ನಿನ್ನ ಹೆಣಕ್ಕೋಸ್ಕರ ನನ್ನ ಮಗನನ್ನು ಕಳಕೊಂಡೆ ಅಂತ ಕೂಗಿದ್ದರೆ, ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಬದಲಿಗೆ ತಿಥಿಗೆ ಅಕ್ಕಿ ತಂದುಕೊಟ್ಟರು. ಗಟ್ಟಿಗಳನ್ನು ನನ್ನ ಮನೆಯಲ್ಲೇ ಬಿಟ್ಟುಹೋದರು, ಅವನ್ನು ಮನೆಗೆ ಒಯ್ಯುವ ಧೈರ್ಯ ಯಾರಿಗೂ ಇರಲಿಲ್ಲ ಅಂತ ಕಾಣುತ್ತದೆ. ದಸ್ತಗೀರನ ಜೊತೆ ಫೋನಿನಲ್ಲಿ ಜಗಳವಾಡಿದೆ. ಅವನು, "ಕೆಂಪರಾಜ ಇದ್ದಿದ್ರೆ ನಮಗೂ ಹಿಂಗೇ ಮಾಡ್ತಿದ್ದ ಅಕ್ಕ, ಬಿಡು," ಅಂದ. ಮಾಡುತ್ತಿದ್ದನೋ ಇಲ್ಲವೋ, ಯಾರಿಗೆ ಗೊತ್ತು.

ತಿಥಿ ಮುಗಿದ ಮೇಲೆ ಶೆಡ್ಡಿಗೆ ಹೋಗಿ ಹೊನ್ನಯ್ಯನಿಗೆ, ನನ್ನನ್ನು ತೂಗು ಅಂದೆ.

"ನಿನಗೆ ತಲೆ ಕೆಟ್ಟಿದೆಯಾ ಚೆನ್ನಾಜಕ್ಕ?"

"ಕೆಂಪರಾಜನ ಗಟ್ಟಿ ನನ್ನ ಹತ್ರ ಇದೆ. ಅದನ್ನ ಇಟ್ಕೊಂಡು ನಾನೂ ಲೋಹ ಆಗಬಹುದು. ಬರೀ ಗಟ್ಟಿ ಕಳಿಸಿದ್ರೆ ಮಂಡಿಯವರು ಸರಕು ಅಂತ ಕುಲುಮೆಗೆ ಹಾಕ್ತಾರೆ. ಮಿಕ್ಕ ಆರನ್ನೂ ಸೊಂಟಕ್ಕೆ ಕಟ್ಕೊಂಡು ಹೋಗಿ ಹುಡುಗರಿಗೆ ಕೊಟ್ಟು ಬರ್ತೀನಿ."

"ಬರ್ತೀಯ? ಹೆಂಗೆ ಬರ್ತೀಯ?" ಅಂತ ಅವನು ಸಿಟ್ಟಿಗೆದ್ದ. "ಹಲಗೆ ಮೇಲೆ ನಿಂತದ್ದೆಲ್ಲ ನಿನ್ನ ತೂಕ. ಹೋಗೋವಾಗ ಆರು ಗಟ್ಟಿ ಸೇರಿಸಿ ಬರೀತೀನಿ. ಅಲ್ಲಿ ಅವನ್ನ ಹಂಚಿಬಿಟ್ರೆ ವಾಪಸು ಬರೋ ತೂಕ ಎಲ್ಲಿಂದ ತರ್ತೀಯ? ಹುಟ್ಟಿದಾಗಿಂದ ನೀನು ಕಡ್ಡಿ."

"ತಿಂದು ದಪ್ಪ ಆಗಿ ಬರ್ತೀನಿ."

"ನಿಮ್ಮ ವಂಶದಲ್ಲಿ ಯಾರಾದ್ರೂ ದಪ್ಪ ಆಗಿದ್ದಾರಾ?"

"ಕೆಂಪರಾಜ ಆಗಿದ್ದ," ಅಂದೆ. ಅವನು ತಕ್ಕಡಿಯ ಹಲಗೆಯ ಧೂಳು ಒರೆಸಿದ.

ನಿಜ ಹೇಳಬೇಕೆಂದರೆ, ತಿಂದು ದಪ್ಪವಾಗಿ ಬರುತ್ತೇನೆ ಅಂತ ನಾನು ನಂಬಿಯೇ ಹೊರಟೆ. ತ್ಯಾಗ ಗೀಗ ಅಂತ ಎದೆ ಉಬ್ಬಿಸಿಕೊಂಡು ಹೊರಟವಳಲ್ಲ. ನನಗೆ ನನ್ನ ಊರು ಬೇಕು, ನನ್ನ ಒಲೆ ಬೇಕು. ಆದರೆ ಮಹಬೂಬಿ ದಿನಾ ಬೆಳಿಗ್ಗೆ ನನ್ನ ಬಾಗಿಲ ಮುಂದೆ ಹಾದುಹೋಗುವಾಗ, ಒಳಗಿರುವ ಗಟ್ಟಿಯ ಕಡೆ ನೋಡದ ಹಾಗೆ ಕತ್ತು ಆ ಕಡೆ ತಿರುಗಿಸಿಕೊಳ್ಳುತ್ತಿದ್ದಳಲ್ಲ, ಅದನ್ನು ನೋಡಿಕೊಂಡು ಇರಲು ಆಗಲಿಲ್ಲ. ಹೊರಡುವ ದಿನ ಅವಳೇ ಬಂದು ನನಗೆ ಸದ್ದು ಮಾಡಿದಳು. ಕೆಟ್ಟದಾಗಿ ಮಾಡಿದಳು. ಸಾಹೇಬರು ಒಪ್ಪಿಕೊಂಡರು.

ಮಂಡಿ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದು, ಬಿಸಿ, ಗಾಳಿಯಿಲ್ಲದ ಜಾಗ. ದಸ್ತಗೀರ ನನ್ನನ್ನು ಕಂಡು ಮೊದಲು ಬೈದ, ಆಮೇಲೆ ಅತ್ತ, ಆಮೇಲೆ ಟೀ ತಂದುಕೊಟ್ಟ. ಆರು ಜನಕ್ಕೂ ಅವರವರ ದಾರದ ಗಟ್ಟಿ ಕೊಟ್ಟೆ. ಒಬ್ಬೊಬ್ಬರೂ ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತ ರೀತಿ ನೋಡಿ, ಬಂದದ್ದು ಸಾರ್ಥಕ ಅನ್ನಿಸಿತು. ಅವರಲ್ಲಿ ಐದು ಜನ ಒಬ್ಬರ ಹಿಂದೆ ಒಬ್ಬರಂತೆ ಊರಿಗೆ ಹೊರಟರು. ಕೆಂಪರಾಜನಿಗಾದದ್ದು ಕಂಡ ಮೇಲೆ ಅವರಿಗೂ ಅಲ್ಲಿ ಇರುವ ಮನಸ್ಸಿರಲಿಲ್ಲ. ದಸ್ತಗೀರ ಮಾತ್ರ, ನಿನ್ನನ್ನ ಬಿಟ್ಟು ಹೋಗಲ್ಲ ಅಂತ, ಉಳಿದ.

ನಾನು ತಿನ್ನಲು ಶುರುಮಾಡಿದೆ. ಗೋದಾಮಿನವರಿಗೆ ಅಡುಗೆ ಮಾಡುವ ಕೆಲಸ ನನಗೇ ಸಿಕ್ಕಿತು, ತಿನ್ನಲು ತೊಂದರೆಯಿರಲಿಲ್ಲ. ಎಲ್ಲರೂ ತಮ್ಮ ತಟ್ಟೆಯಿಂದ ಒಂದು ತುತ್ತು ನನ್ನ ತಟ್ಟೆಗೆ ಹಾಕುತ್ತಿದ್ದರು. ದಸ್ತಗೀರ ಸಂತೆಯಿಂದ ಬೆಣ್ಣೆ ತರುತ್ತಿದ್ದ. ಭಾನುವಾರ ಭಾನುವಾರ ಮಂಡಿಯ ತಕ್ಕಡಿ ಹತ್ತಿ ನೋಡುತ್ತಿದ್ದೆ. ಮೊದಲಲ್ಲಿ ಮುಳ್ಳು ಸ್ವಲ್ಪ ಮೇಲೇರಿತು, ಇಬ್ಬರೂ ಹಬ್ಬ ಮಾಡಿದ ಹಾಗೆ ನಕ್ಕೆವು. ಆಮೇಲೆ ಅಲ್ಲೇ ನಿಂತಿತು. ಮಳೆಗಾಲದ ಹೊತ್ತಿಗೆ ನನಗೂ ಕೆಮ್ಮು ಬಂತು. ಒಲೆಯ ಹೊಗೆ ಇರಬೇಕು ಅಂದೆ. ದಸ್ತಗೀರ ನಂಬಲಿಲ್ಲ, ಆ ಕೆಮ್ಮನ್ನು ಅವನು ಮೊದಲೂ ಕೇಳಿದ್ದ. ಮುಳ್ಳು ಇಳಿಯತೊಡಗಿತು.

ಒಂದು ಮಧ್ಯಾಹ್ನ ಅವನು ಸೊಂಟದಿಂದ ಗಟ್ಟಿ ಬಿಚ್ಚಿ ನನ್ನ ಮುಂದೆ ಇಟ್ಟ.

"ಇದನ್ನ ನೀನು ಇಟ್ಕೋ ಅಕ್ಕ. ಇನ್ನೂ ಮೂರ್ನಾಲ್ಕು ಜನರ ಹತ್ರ ಮಾತಾಡಿದ್ದೀನಿ, ಅವರೂ ಕೊಡ್ತಾರೆ. ಬದುಕಿರೋವಾಗಲೇ ಹೋಗಿಬಿಡು."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೈಯಲ್ಲಿದ್ದ ಸೌಟು ಎತ್ತಿದೆ.

"ನಿಮಗೆಲ್ಲ ಬುದ್ಧಿ ಯಾವಾಗ ಬರುತ್ತೋ? ನಾನು ಇದನ್ನೇ ಹೊತ್ಕೊಂಡು ಬಂದಿದ್ದು. ಮತ್ತೆ ನಾನೇ ಹೊತ್ಕೊಂಡು ಹೋಗಲಾ? ನಾಳೆ ನಿಮ್ಮಮ್ಮನ ಮುಂದೆ ಈ ಹಸಿರು ದಾರ ಹಿಡ್ಕೊಂಡು ಎರಡನೇ ಸಲ ಯಾರು ನಿಲ್ತಾರೆ? ನನ್ನ ಕೈಲಿ ಆಗಲ್ಲ. ಅದಕ್ಕಿಂತ ಗುಜರಿನೇ ಮೇಲು."

"ಗುಜರಿ ಅಂತ ಬಾಯಲ್ಲಿ ಅನ್ನಬೇಡಕ್ಕ."

"ಅಂತೀನಿ. ಕೆಂಪರಾಜನ್ನ ಅಲ್ಲಿ ಬಿಡೋಕೆ ನನ್ನ ಕೈಲಿ ಆಗಲಿಲ್ಲ. ನನ್ನನ್ನ ಬಿಡೋದು ಅಷ್ಟು ಕಷ್ಟ ಅಲ್ಲ. ನಿಮ್ಮಮ್ಮಂಗೆ ಕಣ್ಣು ಮಂಜಾಗ್ತಿದೆ ಅಂತ ಹೊನ್ನಯ್ಯ ಫೋನಲ್ಲಿ ಹೇಳ್ದ. ನೀನು ನಾಡಿದ್ದು ಹೊರಡ್ತೀಯ."

ಅವನು ಹೊರಡುವುದಿಲ್ಲ ಅಂತ ಹಟ ಹಿಡಿದ. ಅವನು ಗಟ್ಟಿ ಕಟ್ಟಿಕೊಳ್ಳುವವರೆಗೆ ನಾನು ಊಟ ಬಿಟ್ಟೆ. ತಿಂದರೂ ಇಳಿಯುವ ತೂಕ, ಬಿಟ್ಟರೆ ಕೇಳಬೇಕೆ. ಒಂದು ದಿನಕ್ಕೇ ಹೆದರಿ ಒಪ್ಪಿಕೊಂಡ.

ಮಂಡಿಯ ಬಾಗಿಲಲ್ಲೂ ಒಂದು ತಕ್ಕಡಿ, ಒಬ್ಬ ಸಾಹೇಬ. ಹೊರಡುವ ದಿನ ಬೆಳಿಗ್ಗೆ ದಸ್ತಗೀರ ಸ್ನಾನ ಮಾಡಿ, ಗಟ್ಟಿ ಸೊಂಟಕ್ಕೆ ಬಿಗಿದು, ಹಲಗೆ ಮೇಲೆ ನಿಂತ. ತೂಕ ಸರಿಯಾಗಿತ್ತು. ಸಾಹೇಬ ಸುತ್ತಿಗೆ ತರಲು ಒಳಗೆ ಹೋದ. ದಸ್ತಗೀರನಿಗೆ ಹೇಳಬೇಕಾದ ಮಾತೊಂದು ನನ್ನ ಹತ್ತಿರ ಇತ್ತು. ನೆಲದ ಮೇಲಿದ್ದಾಗ ಹೇಳಿದ್ದರೆ ಅವನು ವಾದ ಮಾಡುತ್ತಿದ್ದ, ಗಟ್ಟಿ ಬಿಚ್ಚಿ ಎಸೆಯುತ್ತಿದ್ದ. ಅದಕ್ಕೇ ಅವನು ಹಲಗೆ ಹತ್ತುವವರೆಗೂ ಕಾದಿದ್ದೆ.

"ದಸ್ತಗೀರ, ಕೆಂಪರಾಜನ ಪಕ್ಕದಲ್ಲಿ ನನಗೆ ಅಂತ ಜಾಗ ಬಿಟ್ಟಿದ್ದಾರೆ. ಅದನ್ನ ಬೇರೆ ಯಾರಿಗಾದ್ರೂ ಕೊಟ್ಟುಬಿಡಿ ಅಂತ ಹೊನ್ನಯ್ಯಂಗೆ ಹೇಳು. ಸುಮ್ನೆ ಖಾಲಿ ಇಟ್ಕೊಂಡು ಕಾಯೋದು ಬೇಡ."

ಲೋಹವಾಗಿ ನಿಂತವನು ಏನು ತಾನೇ ಹೇಳಿಯಾನು. ಕಣ್ಣು ತುಂಬಿ, ಎರಡೂ ಕೆನ್ನೆಯ ಮೇಲೆ ನೀರು ಇಳಿಯಿತು. ಸಾಹೇಬ ಅಷ್ಟರಲ್ಲಿ ಸುತ್ತಿಗೆ ಹಿಡಿದು ಬಂದಿದ್ದ, ಅವನೂ ನೋಡಿದ. ನಾನು ಸೆರಗು ತೆಗೆದು ದಸ್ತಗೀರನ ಮುಖ ಒರೆಸಿ, "ಮಳೆ ನೀರು ಸಾಹೇಬರೇ," ಅಂದೆ. ಹೊರಗೆ ಸುಡುಸುಡು ಬಿಸಿಲಿತ್ತು. ಸಾಹೇಬ ಒಂದು ಗಳಿಗೆ ಬಿಸಿಲನ್ನೇ ನೋಡಿ, "ಹೌದಮ್ಮ, ಬೆಳಿಗ್ಗೆಯಿಂದ ಬಿಟ್ಟೇ ಇಲ್ಲ," ಅಂದ.